ಇಂದು ಯಾವ ಓಪನಿಂಗ್? ಚದುರಂಗದಲ್ಲಿ ಊಹೆಯ ಲೆಕ್ಕ

2024ರ ನವೆಂಬರ್ 24, ಭಾನುವಾರ. ನಮ್ಮ ಉಪನಗರದ ಕನ್ನಡ ಸಂಘದ ವಾಚನಾಲಯದಲ್ಲಿ ನಾವು ಐದು ಮಂದಿ ಒಂದೊಂದು ಹಾಳೆ ಮುಂದಿಟ್ಟುಕೊಂಡು ಪರೀಕ್ಷೆ ಬರೆಯುವವರಂತೆ ಕುಳಿತಿದ್ದೆವು. ಮರುದಿನ ಸಿಂಗಾಪುರದಲ್ಲಿ ವಿಶ್ವ ಚೆಸ್ ಚಾಂಪಿಯನ್‌ಷಿಪ್ ಆರಂಭವಾಗುವುದಿತ್ತು. ಅಂದಿನ ಚಾಂಪಿಯನ್ ಚೀನಾದ ಡಿಂಗ್ ಲಿರೆನ್, ಎದುರಾಳಿ ಚೆನ್ನೈಯ 18ರ ಹರೆಯದ ಡಿ. ಗುಕೇಶ್. ಯಾರು ಗೆಲ್ಲುತ್ತಾರೆಂದು ಹೇಳುವವರು ಊರೆಲ್ಲ ಇದ್ದರು. ನಮ್ಮ ಹಾಳೆಯಲ್ಲಿ ಆ ಕಾಲಮ್ಮೇ ಇರಲಿಲ್ಲ. 14 ಆಟಗಳಿಗೆ 14 ಸಾಲು, ಪ್ರತಿ ಸಾಲಿನ ಎದುರು ಒಂದೇ ಪ್ರಶ್ನೆ: ಆ ದಿನ ಯಾವ ಓಪನಿಂಗ್ ಆಡುತ್ತಾರೆ?

ಇದು ನಮ್ಮ ಹಳೆಯ ಹವ್ಯಾಸ. ರಾತ್ರಿಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಒಬ್ಬರು ಹೋಟೆಲ್ ಉದ್ಯಮಿ, ಒಬ್ಬರು ವಿಮಾ ಏಜೆಂಟ್, ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕಳೆದ ನಾನು. ಆ ವರ್ಷ ಹೊಸದಾಗಿ ಸೇರಿಕೊಂಡವಳು ಹೋಟೆಲ್ ಮಿತ್ರರ ಮಗಳು, ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ಹಣ ಕಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಕಡಿಮೆ ಅಂಕ ಪಡೆದವರು ಎಲ್ಲರಿಗೂ ಗೋಳಿಬಜೆ, ಚಹಾ ಕೊಡಿಸಬೇಕು, ಅಷ್ಟೆ.

ಚದುರಂಗ ತಿಳಿಯದ ಓದುಗರಿಗಾಗಿ ಒಂದು ಮಾತು. ಆಟದ ಮೊದಲ ಹತ್ತು ಹದಿನೈದು ನಡೆಗಳಲ್ಲಿ ಎರಡೂ ಕಡೆಯವರು ತಮ್ಮ ಸೈನ್ಯವನ್ನು ನಿಲ್ಲಿಸುವ ಕ್ರಮವೇ ಓಪನಿಂಗ್. ನೂರಾರು ವರ್ಷಗಳಿಂದ ಆಡಿ ಆಡಿ ಒಂದೊಂದು ಕ್ರಮಕ್ಕೂ ಒಂದೊಂದು ಹೆಸರು ಬಿದ್ದಿದೆ. ಬಿಳಿ ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ ಹೋದರೆ ಅದು ‘ಇ4’. ಅದಕ್ಕೆ ಉತ್ತರವಾಗಿ ಕಪ್ಪು ತನ್ನ ಸಿ ಸಾಲಿನ ಕಾಲಾಳನ್ನು ಎರಡು ಮನೆ ನಡೆಸಿದರೆ ಸಿಸಿಲಿಯನ್. ರಾಜನ ಮುಂದಿನದನ್ನು ಒಂದೇ ಮನೆ ನಡೆಸಿದರೆ ಫ್ರೆಂಚ್. ಎರಡು ಮನೆ ನಡೆಸಿ, ಮುಂದೆ ಬಿಳಿಯ ಒಂಟೆ ಬಂದು ಕಪ್ಪು ಕುದುರೆಯನ್ನು ಕೆಣಕಿದರೆ ಸ್ಪ್ಯಾನಿಷ್, ಅರ್ಥಾತ್ ರೂಯ್ ಲೋಪೆಝ್. ಆ ಹೆಸರಿನ ಸ್ಪೇನಿನ ಪಾದ್ರಿ 1561ರಲ್ಲಿ ಚದುರಂಗದ ಬಗ್ಗೆ ಪುಸ್ತಕ ಬರೆದವರು. ಮಂತ್ರಿಯ ಮುಂದಿನ ಕಾಲಾಳಿನಿಂದ ಶುರುವಾದರೆ ‘ಡಿ4’. ಅಲ್ಲಿಂದ ಕ್ವೀನ್ಸ್ ಗ್ಯಾಂಬಿಟ್, ಕ್ಯಾಟಲನ್, ನಿಮ್ಜೋ ಇಂಡಿಯನ್, ಲಂಡನ್ ಸಿಸ್ಟಮ್ ಹೀಗೆ ಬೇರೆಯೇ ಒಂದು ಸಂಸಾರ.

ಇವನ್ನೆಲ್ಲ ಲೆಡ್ಜರಿನ ಹಾಗೆ ಅಚ್ಚುಕಟ್ಟಾಗಿ ವಿಂಗಡಿಸಿದವರು ಬೆಲ್‌ಗ್ರೇಡಿನ ಪ್ರಕಾಶಕರು. ಅವರ ಓಪನಿಂಗ್ ವಿಶ್ವಕೋಶದಲ್ಲಿ ಎ ಯಿಂದ ಇ ವರೆಗೆ ಐದು ಸಂಪುಟ, ಪ್ರತಿಯೊಂದರಲ್ಲಿ 00ರಿಂದ 99ರವರೆಗೆ ನೂರು ಖಾತೆ, ಒಟ್ಟು 500. ಬಿ20ರಿಂದ ಬಿ99ರ ತನಕ ಎಂಬತ್ತು ಖಾತೆ ಬರೀ ಸಿಸಿಲಿಯನ್‌ಗೆ! ಸ್ಪ್ಯಾನಿಷ್ ಸಿ60ರಿಂದ ಸಿ99, ಫ್ರೆಂಚ್ ಸಿ00ರಿಂದ ಸಿ19. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದಿದ ನನ್ನಂಥವನಿಗೆ ಈ ವಿಂಗಡಣೆ ಕಂಡೊಡನೆ ಪ್ರೀತಿ ಹುಟ್ಟಿದ್ದು ಸಹಜವೇ. 500 ಖಾತೆಗಳಿದ್ದರೂ ದೊಡ್ಡ ಟೂರ್ನಿಗಳಲ್ಲಿ ದಿನನಿತ್ಯ ಜಮಾ ಖರ್ಚು ನಡೆಯುವುದು ಕೆಲವೇ ಖಾತೆಗಳಲ್ಲಿ. ಉಳಿದವು ‘ಡಾರ್ಮೆಂಟ್’. ಯಾವಾಗ ಯಾರು ಬಂದು ಚೆಕ್ ಹಾಕುತ್ತಾರೋ ಗೊತ್ತಿಲ್ಲ!

ಇಲ್ಲಿ ಒಂದು ಅಡ್ಡ ಮಾತು ಹೇಳದೆ ಮುಂದುವರಿಯಲಾರೆ. ಕಿಂಗ್ಸ್ ಇಂಡಿಯನ್, ನಿಮ್ಜೋ ಇಂಡಿಯನ್ ಎಂದು ಪಾಶ್ಚಾತ್ಯರು ಹೇಳುವಾಗ ಆ ‘ಇಂಡಿಯನ್’ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಕಲ್ಕತ್ತಾದಲ್ಲಿ ವಕೀಲರಾಗಿದ್ದ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ಆಟಗಾರ ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ ಎಂಬವರೊಡನೆ ಆಡಿದ ಆಟಗಳು ಇಂದಿಗೂ ದಾಖಲೆಯಲ್ಲಿವೆ. ನಮ್ಮ ದೇಶೀ ನಿಯಮದಲ್ಲಿ ಕಾಲಾಳಿಗೆ ಒಂದು ಸಲಕ್ಕೆ ಒಂದೇ ಮನೆ. ಆ ಅಭ್ಯಾಸದಿಂದ ಬಂದ ಮಹೇಶಚಂದ್ರರು ಕಪ್ಪು ಕಾಯಿಗಳಲ್ಲಿ ಕಾಲಾಳುಗಳನ್ನು ಒಂದೊಂದೇ ಮನೆ ಸರಿಸಿ, ಬದಿಯಿಂದ ಒಂಟೆಯನ್ನು ಹೊರತೆಗೆದು ಕಾದು ಕುಳಿತುಕೊಳ್ಳುತ್ತಿದ್ದರು. ಅದೇ ಕ್ರಮ ಮುಂದೆ ಇಂಡಿಯನ್ ಡಿಫೆನ್ಸ್ ಎನಿಸಿತು. ಊರಿನ ಮನೆಯ ಜಗಲಿಯಲ್ಲಿ ನನ್ನ ಅಜ್ಜ ನನಗೆ ಕಲಿಸಿದ್ದೂ ಇದೇ ಒಂದು ಮನೆಯ ನಿಯಮದ ಆಟ. ಮುಂಬಯಿಗೆ ಬಂದು ಕಾಲಾಳನ್ನು ಎರಡು ಮನೆ ಹಾರಿಸುವುದನ್ನು ನೋಡಿದಾಗ ಇವರು ಮೋಸ ಮಾಡುತ್ತಿದ್ದಾರೆಂದೇ ನಾನು ತಿಳಿದುಕೊಂಡಿದ್ದೆ.

ಟೊರೊಂಟೊದಲ್ಲಿ ಗೆದ್ದ ಸೋಮಾರಿ ಹಾಳೆ

ಸಿಂಗಾಪುರಕ್ಕಿಂತ ಮೊದಲು, ಅದೇ 2024ರ ಏಪ್ರಿಲ್‌ನಲ್ಲಿ ಕೆನಡಾದ ಟೊರೊಂಟೊದಲ್ಲಿ ಕ್ಯಾಂಡಿಡೇಟ್ಸ್ ಟೂರ್ನಿ ನಡೆಯಿತು. ಎಂಟು ಆಟಗಾರರು, 14 ಸುತ್ತು, ಒಟ್ಟು 56 ಆಟ. ಗುಕೇಶ್, ಪ್ರಜ್ಞಾನಂದ, ವಿದಿತ್ ಗುಜರಾತಿ ಹೀಗೆ ನಮ್ಮವರೇ ಮೂವರು. ಅಲ್ಲಿ ಮಧ್ಯಾಹ್ನ ಎರಡೂವರೆಗೆ ಆಟ ಶುರುವಾದರೆ ಇಲ್ಲಿ ನಡುರಾತ್ರಿ. ಬೆಳಿಗ್ಗೆ ಲೋಕಲ್ ಟ್ರೈನಿನಲ್ಲಿ ಮೊಬೈಲ್ ತೆರೆದು ನೋಡುವುದೇ ನನ್ನ ಕ್ರಮವಾಗಿತ್ತು.

ಆಗ ನಮ್ಮ ನಿಯಮ ಬೇರೆ. ಪ್ರತಿ ಸುತ್ತಿನಲ್ಲಿ ನಾಲ್ಕು ಆಟ. ಸುತ್ತಿಗೆ ಎರಡು ಓಪನಿಂಗ್ ಹೆಸರು ಬರೆಯಬೇಕು, ನಾಲ್ಕರಲ್ಲಿ ಎಲ್ಲಾದರೂ ಅದು ಬಂದರೆ ಒಂದು ಅಂಕ. ನಾನು 14 ಸುತ್ತಿಗೂ ಸ್ಪ್ಯಾನಿಷ್, ಕ್ವೀನ್ಸ್ ಗ್ಯಾಂಬಿಟ್ ಎಂದು ಒಂದೇ ಸಮನೆ ಬರೆದು ಕೊಟ್ಟೆ. ‘ಇದೇನು ಮಾರಾಯ್ರೇ, ರಬ್ಬರ್ ಸ್ಟ್ಯಾಂಪ್ ಹೊಡೆದಿದ್ದೀರಾ?’ ಎಂದು ವಿಮಾ ಏಜೆಂಟರು ನಕ್ಕರು. ಆದರೆ ಕೊನೆಯಲ್ಲಿ ಗೆದ್ದದ್ದು ಆ ರಬ್ಬರ್ ಸ್ಟ್ಯಾಂಪೇ. ನಾಲ್ಕು ಬೋರ್ಡುಗಳಿರುವಾಗ ವಾಡಿಕೆಯ ಓಪನಿಂಗ್ ಒಂದಲ್ಲ ಒಂದು ಕಡೆ ತಲೆ ಹಾಕಿಯೇ ಹಾಕುತ್ತದೆ.

ಅಂಥ ಟೂರ್ನಿಯಲ್ಲಿಯೂ ಯಾರೂ ಬರೆಯದ ಹೆಸರುಗಳು ಬಂದವು ಎನ್ನಿ. ಮೂರನೆಯ ಸುತ್ತಿನಲ್ಲಿ ವಿದಿತ್ ಸ್ಪ್ಯಾನಿಷ್ ಆಡಿದಾಗ ಪ್ರಜ್ಞಾನಂದ ಮೂರನೆಯ ನಡೆಯಲ್ಲೇ ರಾಜನ ಪಕ್ಕದ ಕಾಲಾಳನ್ನು ಮುಂದಕ್ಕೆ ತಳ್ಳಿದರು. ಅದು ಶ್ಲೀಮನ್ ಗ್ಯಾಂಬಿಟ್. ಈ ಮಟ್ಟದಲ್ಲಿ ಅದನ್ನು ಆಡಲು ಗುಂಡಿಗೆ ಬೇಕು. ಕಪ್ಪು ಕಾಯಿಗಳಲ್ಲೇ ಅವರು ಗೆದ್ದರು ಕೂಡ. ಅದಕ್ಕೂ ಹಿಂದಿನ ಸುತ್ತಿನಲ್ಲಿ ಇದೇ ವಿದಿತ್ ಕಪ್ಪಿನಲ್ಲಿ ಬರ್ಲಿನ್ ಡಿಫೆನ್ಸ್ ಆಡಿ ಅಮೆರಿಕದ ನಕಾಮುರಾರನ್ನು ಸೋಲಿಸಿದ್ದರು. ಬರ್ಲಿನ್ ಎಂದರೆ ಡ್ರಾ ಎಂದು ಬಗೆದಿದ್ದ ನಮ್ಮ ಮೇಷ್ಟ್ರಿಗೆ ಅಂದು ಬಹಳ ಬೇಸರವಾಯಿತು.

ಟೂರ್ನಿಯಲ್ಲಿ ಇನ್ನೊಂದು ಸುಳಿವು ಸಿಗುತ್ತದೆ, ಅಂಕಪಟ್ಟಿ. ಅರ್ಧ ಅಂಕ ಸಾಕು ಎನ್ನುವವನು ಪೆಟ್ರೋಫ್, ಬರ್ಲಿನ್, ಕ್ವೀನ್ಸ್ ಗ್ಯಾಂಬಿಟ್‌ನಂಥ ಭದ್ರ ಬಾಗಿಲು ಹಾಕಿಕೊಳ್ಳುತ್ತಾನೆ. ಗೆಲ್ಲಲೇಬೇಕಾದವನು ಸಿಸಿಲಿಯನ್ ಅಥವಾ ಕಿಂಗ್ಸ್ ಇಂಡಿಯನ್ ಕಡೆ ನೋಡುತ್ತಾನೆ. ಟೊರೊಂಟೊದ ಕೊನೆಯ ಸುತ್ತಿಗೆ ಬರುವಾಗ ಗುಕೇಶ್ ಅರ್ಧ ಅಂಕ ಮುಂದಿದ್ದರು. ನಕಾಮುರಾ ಬಿಳಿಯಲ್ಲಿ ಗೆಲ್ಲಲೇಬೇಕಿತ್ತು. ಗುಕೇಶ್ ಕ್ವೀನ್ಸ್ ಗ್ಯಾಂಬಿಟ್‌ನ ಕಾಲಾಳನ್ನು ಸ್ವೀಕರಿಸಿ ಗಟ್ಟಿಯಾಗಿ ಆಡಿ ಡ್ರಾ ಮಾಡಿಕೊಂಡರು. ಇನ್ನೊಂದು ಬೋರ್ಡಿನಲ್ಲಿ ಕರುವಾನಾ ಮತ್ತು ನೆಪೊಮ್ನಿಯಾಚಿ 109 ನಡೆ ಗುದ್ದಾಡಿ ಡ್ರಾ ಮಾಡಿಕೊಂಡ ಮೇಲೆ ಗುಕೇಶ್ 9 ಅಂಕದೊಂದಿಗೆ ಗೆದ್ದರು.

ಆದರೆ ಇಬ್ಬರೇ ಆಡುವ ಪಂದ್ಯ ಹಾಗಲ್ಲ. ಅಲ್ಲಿ ಎದುರಾಳಿ ಯಾರೆಂದು ತಿಂಗಳುಗಳ ಮೊದಲೇ ಗೊತ್ತು. ಅವನ ಹಳೆಯ ಆಟಗಳೆಲ್ಲ ಕಂಪ್ಯೂಟರಿನಲ್ಲಿವೆ. ಅವನೇನು ಆಡುತ್ತಾನೆಂದು ನಾವು ಊಹಿಸುವಂತೆ ಎದುರಾಳಿಯೂ ಊಹಿಸುತ್ತಾನೆ. ಎದುರಾಳಿ ಊಹಿಸುತ್ತಿದ್ದಾನೆಂಬುದು ಅವನಿಗೂ ಗೊತ್ತಿದೆ. ಬ್ಯಾಂಕಿನಲ್ಲಿ ನಾಳೆಗೆ ಎಷ್ಟು ನಗದು ಬೇಕೆಂದು ಅಂದಾಜು ಮಾಡುವುದು ನನ್ನ ಕೆಲಸಗಳಲ್ಲಿ ಒಂದು. ತಿಂಗಳ ಮೊದಲ ವಾರ ಪಿಂಚಣಿದಾರರು, ಗಣೇಶ ಚತುರ್ಥಿಯ ಮುನ್ನಾದಿನ ಮಂಡಳಿಯವರು. ಅನುಭವ ಇದ್ದರೆ ಅಂದಾಜು ತಪ್ಪುವುದಿಲ್ಲ. ಗ್ರಾಹಕರು ನನ್ನ ಅಂದಾಜನ್ನು ಸುಳ್ಳು ಮಾಡಬೇಕೆಂದು ಬರುವುದಿಲ್ಲವಲ್ಲ! ಒಂದೇ ಒಂದು ಸಲ, 2016ರ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ರದ್ದಾದಾಗ, ನಮ್ಮ ಎಲ್ಲ ಅಂದಾಜೂ ಮಣ್ಣುಪಾಲಾಯಿತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಂಥ ರಾತ್ರಿಗಳು ಮತ್ತೆ ಮತ್ತೆ ಬರುತ್ತವೆ.

ಅಚ್ಚರಿ ವಾಡಿಕೆಯಾದಾಗ

1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಬಾಬಿ ಫಿಷರ್ ಮತ್ತು ಬೋರಿಸ್ ಸ್ಪಾಸ್ಕಿ ಆಡಿದರು. ಫಿಷರ್ ಬಿಳಿ ಹಿಡಿದರೆ ಇ4 ಎನ್ನುವುದು ಸೂರ್ಯ ಪೂರ್ವದಲ್ಲಿ ಹುಟ್ಟಿದಷ್ಟೇ ಖಾತ್ರಿ. ಬೇರೆ ನಡೆ ಆಡಿದ್ದು ಬೆರಳೆಣಿಕೆಯಷ್ಟು ಸಲ. ಆರನೆಯ ಆಟದಲ್ಲಿ ಅವರು ಸಿ4 ನಡೆಸಿದರು. ಕೆಲವೇ ನಡೆಗಳಲ್ಲಿ ಅದು ಕ್ವೀನ್ಸ್ ಗ್ಯಾಂಬಿಟ್ ಆಗಿ ಮಾರ್ಪಟ್ಟಿತು. ಸ್ಪಾಸ್ಕಿ ಸೋತದ್ದು ಮಾತ್ರವಲ್ಲ, ಆಟ ಮುಗಿದ ಮೇಲೆ ಪ್ರೇಕ್ಷಕರೊಡನೆ ತಾವೂ ಚಪ್ಪಾಳೆ ತಟ್ಟಿದರು. ಹೀಗೆ ಒಂದು ಬಾಗಿಲಿನಿಂದ ಬಂದು ಇನ್ನೊಂದು ಕೋಣೆ ಸೇರುವ ಆಟಗಳಿಂದ ನಮ್ಮಲ್ಲಿ ಜಗಳ ಆಗಿದ್ದುಂಟು. ಅದಕ್ಕಾಗಿ ಕೊನೆಗೆ ಯಾವ ಖಾತೆಗೆ ಬಿತ್ತೋ ಅದೇ ಲೆಕ್ಕ, ಮೇಷ್ಟ್ರ ತೀರ್ಪೇ ಅಂತಿಮ ಎಂದು ನಿಯಮ ಮಾಡಿದ್ದೇವೆ.

2000ದಲ್ಲಿ ಲಂಡನ್‌ನಲ್ಲಿ ನಡೆದದ್ದು ಇನ್ನೂ ದೊಡ್ಡ ಕಥೆ. 1985ರಿಂದ ಚಾಂಪಿಯನ್ ಆಗಿದ್ದ ಗ್ಯಾರಿ ಕ್ಯಾಸ್ಪರೋವ್ ಎದುರು ವ್ಲಾದಿಮಿರ್ ಕ್ರಾಮ್ನಿಕ್. ಮೊದಲನೆಯ ಆಟದಲ್ಲೇ ಕ್ಯಾಸ್ಪರೋವ್ ಸ್ಪ್ಯಾನಿಷ್ ಆಡಿದಾಗ ಕ್ರಾಮ್ನಿಕ್ ಬರ್ಲಿನ್ ಡಿಫೆನ್ಸ್ ಎಂಬ ಹಳೇ ಕಾಲದ, ಧೂಳು ಹಿಡಿದ ಉತ್ತರ ಕೊಟ್ಟರು. ಎಂಟನೆಯ ನಡೆಯಲ್ಲೇ ಮಂತ್ರಿಗಳೆರಡೂ ಬೋರ್ಡಿನಿಂದ ಮಾಯ! ಕಪ್ಪು ರಾಜ ಕೋಟೆ ಕಟ್ಟಿಕೊಳ್ಳುವ ಹಾಗೂ ಇಲ್ಲ. ನೋಡಿದರೆ ಬಿಳಿಗೇ ಸುಖ. ಆದರೆ ಕ್ಯಾಸ್ಪರೋವ್ ಅವರಿಗೆ ಆ ಗೋಡೆ ಒಡೆಯಲು ಆಗಲೇ ಇಲ್ಲ. 1, 3, 9 ಮತ್ತು 13ನೆಯ ಆಟಗಳಲ್ಲಿ ಅದೇ ಬರ್ಲಿನ್, ನಾಲ್ಕೂ ಡ್ರಾ. 15 ಆಟಗಳಲ್ಲಿ ಒಂದನ್ನೂ ಗೆಲ್ಲಲಾಗದೆ ಅವರು ಪಟ್ಟ ಕಳೆದುಕೊಂಡರು.

ನಾನು ಗಮನಿಸಿದ್ದು ಆಮೇಲಿನ ಸಂಗತಿಯನ್ನು. ಅಂದು ಯಾರೂ ಊಹಿಸದ ಬರ್ಲಿನ್ ಮುಂದೆ ಎಲ್ಲರ ಅಂಗಡಿಯ ಸರಕಾಯಿತು. 2013ರಲ್ಲಿ ಚೆನ್ನೈಯಲ್ಲಿ ನಮ್ಮ ಆನಂದ್ ಎದುರು ಕಾರ್ಲ್‌ಸನ್ ನಾಲ್ಕನೆಯ, ಆರನೆಯ ಆಟಗಳಲ್ಲಿ ಅದನ್ನೇ ಆಡಿದರು, ಯಾರಿಗೂ ಆಶ್ಚರ್ಯವಾಗಲಿಲ್ಲ. ಇಬ್ಬರಿಗೂ ಡ್ರಾ ಬೇಕಾದರೆ ಬರ್ಲಿನ್‌ನಲ್ಲಿ ಹದಿನೈದು ನಡೆಯೊಳಗೆ ಕೈಕುಲುಕಿ ಏಳುವ ದಾರಿಯೂ ಇದೆ. ಹಾಗಾಗಿ ಹತ್ತು ವರ್ಷ ಹಳೆಯ ನೋಟ್‌ಬುಕ್ ಇಟ್ಟುಕೊಂಡು ಇಂದಿನ ಊಹೆ ಮಾಡಿದರೆ ಪ್ರಯೋಜನವಿಲ್ಲ.

ಆನಂದ್ ಕೂಡ ಈ ವಿದ್ಯೆಯಲ್ಲಿ ಕಡಿಮೆಯವರಲ್ಲ. ಜೀವನವಿಡೀ ಇ4 ಆಡಿ ಹೆಸರು ಮಾಡಿದವರು 2008ರಲ್ಲಿ ಜರ್ಮನಿಯ ಬಾನ್‌ನಲ್ಲಿ ಕ್ರಾಮ್ನಿಕ್ ಎದುರು ಡಿ4 ಹಿಡಿದು ಕುಳಿತರು. ಕಪ್ಪಿನಲ್ಲಿ ಸೆಮಿ ಸ್ಲಾವ್‌ನ ಮೆರಾನ್ ಎಂಬ ಕವಲಿನಲ್ಲಿ 14ನೆಯ ನಡೆಗೆ ಹೊಸ ಮದ್ದು ಅರೆದು ತಂದಿದ್ದರು. ಮೂರನೆಯ ಆಟದಲ್ಲಿ ಅದರಿಂದ ಗೆದ್ದರು. ಐದನೆಯ ಆಟದಲ್ಲಿ ಕ್ರಾಮ್ನಿಕ್ ಉತ್ತರ ಹುಡುಕಿ ತಂದಿರಬಹುದೆಂಬ ಭಯವಿದ್ದರೂ ಮತ್ತೆ ಅದನ್ನೇ ಆಡಿ ಮತ್ತೆ ಗೆದ್ದರು. ಒಮ್ಮೆ ಬಂದ ಅಚ್ಚರಿ ಎರಡನೆಯ ಸಲ ಬರುವುದಿಲ್ಲ ಎಂದು ತಿಳಿದವರಿಗೆ ಅಲ್ಲಿ ಪಾಠವಾಯಿತು.

2018ರ ಲಂಡನ್ ಪಂದ್ಯದ ಹಾಳೆ ನನ್ನ ಬಳಿ ಇನ್ನೂ ಇದೆ. ಕಾರ್ಲ್‌ಸನ್ ಮತ್ತು ಕರುವಾನಾ ನಡುವೆ 12 ಆಟ, 12ಕ್ಕೆ 12 ಡ್ರಾ! ಫಲಿತಾಂಶ ನೋಡುವವರಿಗೆ ಸಪ್ಪೆ, ಓಪನಿಂಗ್ ನೋಡುವವರಿಗೆ ಹಬ್ಬ. ಕರುವಾನಾ ಬಿಳಿ ಹಿಡಿದ ಆರೂ ಆಟಗಳಲ್ಲಿ ಇ4, ಆರಕ್ಕೂ ಕಾರ್ಲ್‌ಸನ್ ಕೊಟ್ಟ ಉತ್ತರ ಸಿಸಿಲಿಯನ್. ಮೊದಲ ಮೂರು ರೊಸ್ಸೊಲಿಮೊ, ಕೊನೆಯ ಮೂರು ಸ್ವೆಶ್ನಿಕೋವ್. ಕಾರ್ಲ್‌ಸನ್ ಬಿಳಿಯಲ್ಲಿ ಎರಡು ಕ್ವೀನ್ಸ್ ಗ್ಯಾಂಬಿಟ್, ಎರಡು ಇಂಗ್ಲಿಷ್, ಎರಡು ಪೆಟ್ರೋಫ್, ತಕ್ಕಡಿಯಲ್ಲಿ ತೂಗಿ ಹಂಚಿದ ಹಾಗೆ. ಪಂದ್ಯದ ನಡುವೆ ಅಮೆರಿಕದ ಸೇಂಟ್ ಲೂಯಿಸ್ ಚೆಸ್ ಕ್ಲಬ್‌ನ ಒಂದು ವಿಡಿಯೋದಲ್ಲಿ ಕರುವಾನಾ ತಯಾರಿಯ ಲ್ಯಾಪ್‌ಟಾಪ್ ಪರದೆ, ಅದರಲ್ಲಿ ಓಪನಿಂಗ್‌ಗಳ ಹೆಸರು ಕಾಣಿಸಿಕೊಂಡು ದೊಡ್ಡ ಸುದ್ದಿಯಾಯಿತು. ವಿಡಿಯೋ ತೆಗೆದುಹಾಕಿದರಾದರೂ ನೋಡುವವರು ನೋಡಿಯಾಗಿತ್ತು.

ಆ ಸುದ್ದಿ ಓದಿ ನನಗೆ ನಗು ಬರಲಿಲ್ಲ. 1997ರಲ್ಲಿ ನಮ್ಮ ಬ್ಯಾಂಕಿನ ಶಾಖೆಗಳ ನಡುವಿನ ಚೆಸ್ ಪಂದ್ಯಾಟದಲ್ಲಿ ನಾನು ಫೈನಲ್ ತನಕ ಹೋಗಿದ್ದೆ. ಗೆದ್ದರೆ ಅಖಿಲ ಭಾರತ ಮಟ್ಟಕ್ಕೆ ಪ್ರವೇಶ. ಎದುರಾಳಿ ಇನ್ನೊಂದು ಶಾಖೆಯ ಕ್ಯಾಷಿಯರ್, ಕಪ್ಪಿನಲ್ಲಿ ಸಿಸಿಲಿಯನ್ ಬಿಟ್ಟು ಬೇರೇನೂ ಆಡಿದವರಲ್ಲ. ಸಿಬ್ಬಂದಿಯ ಗ್ರಂಥಾಲಯದಿಂದ ಸಿಸಿಲಿಯನ್ ಮೇಲಿನ ದಪ್ಪ ಪುಸ್ತಕ ತಂದು ಮೂರು ವಾರ ರಾತ್ರಿ ಹನ್ನೆರಡರ ತನಕ ಓದಿದೆ. ಮಗ ಆಗ ಕೈಗೂಸು. ಅವನು ಅಳದಂತೆ ತೊಟ್ಟಿಲು ತೂಗುತ್ತಲೇ ನಡೆಗಳನ್ನು ಬಾಯಿಪಾಠ ಮಾಡಿದ್ದೆ. ಫೈನಲ್ ದಿನ ಇ4 ನಡೆಸಿದೆ. ಆ ಮಹಾಶಯರು ನಿಧಾನವಾಗಿ ರಾಜನ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸಿದರು. ಫ್ರೆಂಚ್! 26ನೆಯ ನಡೆಗೆ ನಾನು ಶರಣಾದೆ. ಆಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ಅವರೇ ಹೇಳಿದರು, ‘ಬೇಜಾರು ಮಾಡಬೇಡಿ ಸಾಹೇಬ್ರೇ. ನಾನೂ ಅದೇ ಪುಸ್ತಕ ತರಲು ಲೈಬ್ರರಿಗೆ ಹೋಗಿದ್ದೆ. ರಿಜಿಸ್ಟರಿನಲ್ಲಿ ನಿಮ್ಮ ಸಹಿ ನೋಡಿದೆ.’

ಅಂದಿನಿಂದ ಫ್ರೆಂಚ್ ಎಂಬ ಹೆಸರು ಬರೆಯಲು ನನ್ನ ಕೈ ಏಳುವುದಿಲ್ಲ.

ಹದಿನಾಲ್ಕು ಸಾಲು, ಎರಡೇ ಹೆಸರು

ಸಿಂಗಾಪುರ ಪಂದ್ಯಕ್ಕೆ ಅಂಕದ ನಿಯಮ ಮಾಡಿದವನು ನಾನೇ. ತೀರಾ ವಾಡಿಕೆಯ ಓಪನಿಂಗ್ ಸರಿಯಾದರೆ ಒಂದು ಅಂಕ, ಸ್ವಲ್ಪ ಅಪರೂಪದ್ದಕ್ಕೆ ಎರಡು, ವಿಶ್ವ ಪಂದ್ಯದಲ್ಲಿ ಕಾಣಸಿಗದಂಥದ್ದಕ್ಕೆ ಮೂರು. ಏಪ್ರಿಲ್‌ನಲ್ಲಿ ಗೆದ್ದ ಹುಮ್ಮಸ್ಸು ಬೇರೆ. ಈ ಸಲ ರಬ್ಬರ್ ಸ್ಟ್ಯಾಂಪ್ ಬೇಡ, ನನ್ನ ಜ್ಞಾನ ತೋರಿಸೋಣ ಎಂದು 14 ಸಾಲುಗಳಲ್ಲಿ ಒಂಬತ್ತು ಬಗೆಯ ಓಪನಿಂಗ್ ಹಂಚಿದೆ. ಇಲ್ಲೊಂದು ನಿಮ್ಜೋ, ಅಲ್ಲೊಂದು ಪೆಟ್ರೋಫ್, ಎರಡು ಕಡೆ ಇಂಗ್ಲಿಷ್. ಡಿಂಗ್ 2023ರಲ್ಲಿ ಅಸ್ತಾನಾದಲ್ಲಿ ಆರನೆಯ ಆಟವನ್ನು ಲಂಡನ್ ಸಿಸ್ಟಮ್‌ನಿಂದ ಗೆದ್ದಿದ್ದರಾದ್ದರಿಂದ ಇಲ್ಲಿಯೂ ಆರನೆಯದಕ್ಕೆ ಲಂಡನ್.

ಹುಡುಗಿ ಐದು ನಿಮಿಷದಲ್ಲಿ ಹಾಳೆ ಮಡಚಿಕೊಟ್ಟಳು. ಗುಕೇಶ್ ಬಿಳಿ ಹಿಡಿಯುವ ಏಳೂ ಆಟಕ್ಕೆ ಫ್ರೆಂಚ್. ಡಿಂಗ್ ಬಿಳಿ ಹಿಡಿಯುವ ಏಳಕ್ಕೂ ಲಂಡನ್. ಒಟ್ಟು ಎರಡೇ ಹೆಸರು!

‘ಇದೇನಮ್ಮ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಯಾರಾದರೂ ಫ್ರೆಂಚ್ ಆಡುತ್ತಾರಾ?’ ಎಂದೆ.

‘ಅಂಕಲ್, ಅಸ್ತಾನಾದಲ್ಲಿ ಡಿಂಗ್ ಆರನೇ ಗೇಮ್ ಲಂಡನ್ ಆಡಿದ್ದು ನಿಮಗೆ ನೆನಪಿದೆ. ಏಳನೇ ಗೇಮ್ ಫ್ರೆಂಚ್ ಆಡಿದ್ದು ನೆನಪಿಲ್ವಾ?’

ನಿಜವೇ. ಆ ಏಳನೆಯ ಆಟದಲ್ಲಿ ಡಿಂಗ್ ಫ್ರೆಂಚ್ ಆಡಿ, ಗಡಿಯಾರದ ಒತ್ತಡದಲ್ಲಿ ಕೈಕಟ್ಟಿದಂತಾಗಿ ಸೋತಿದ್ದರು. ಸೋತ ಓಪನಿಂಗ್ ಮತ್ತೆ ಹಿಡಿಯುವುದಿಲ್ಲವೆಂದು ನಾನು ಅದನ್ನು ಲೆಕ್ಕದಿಂದಲೇ ಬಿಟ್ಟಿದ್ದೆ. ಆದರೆ ಅಂದು ಸೋಲಿಗೆ ಕಾರಣ ಗಡಿಯಾರ, ಓಪನಿಂಗ್ ಅಲ್ಲವೆಂದು ಆಕೆ ಆಟ ನೋಡಿ ತಿಳಿದುಕೊಂಡಿದ್ದಳು.

ನವೆಂಬರ್ 25, ಸೋಮವಾರ, ಮಧ್ಯಾಹ್ನ ಎರಡೂವರೆ. ಕೌಂಟರಿನಲ್ಲಿ ಪಾಸ್‌ಬುಕ್ ಸಾಲು. ಜೇಬಿನಲ್ಲಿ ಮೊಬೈಲ್ ಒಮ್ಮೆ ನಡುಗಿತು. ಸಾಲು ಕರಗಿದ ಮೇಲೆ ತೆಗೆದು ನೋಡಿದರೆ ಹುಡುಗಿಯ ಸಂದೇಶ, ಒಂದೇ ಶಬ್ದ: ‘ಫ್ರೆಂಚ್’. ಗುಕೇಶ್ ಇ4, ಡಿಂಗ್ ಇ6. ತಿಂಗಳುಗಟ್ಟಲೆ ಕ್ಲಾಸಿಕಲ್ ಆಟ ಗೆಲ್ಲದಿದ್ದ ಡಿಂಗ್ 42 ನಡೆಗಳಲ್ಲಿ ಅಂದು ಗೆದ್ದರು. ಐದನೆಯ ಆಟಕ್ಕೂ ಫ್ರೆಂಚ್ ಬಂತು, ಹದಿಮೂರನೆಯದಕ್ಕೂ ಬಂತು. ಲಂಡನ್ ಆರನೆಯ, ಹತ್ತನೆಯ ಆಟಗಳಲ್ಲಿ. ಆಕೆಗೆ ಐದು ಸರಿ, ಒಟ್ಟು 13 ಅಂಕ. ನನಗೆ ಮೂರನೆಯ ಆಟದ ಕ್ವೀನ್ಸ್ ಗ್ಯಾಂಬಿಟ್, ಆರನೆಯ ಆಟದ ಲಂಡನ್, ಎಂಟು ಮತ್ತು ಹನ್ನೆರಡನೆಯ ಆಟಗಳ ಇಂಗ್ಲಿಷ್, ನಾಲ್ಕು ಸರಿ, ಅಂಕ ಐದು. ಮೇಷ್ಟ್ರಿಗೂ ಏಜೆಂಟರಿಗೂ ಆರಾರು, ಹೋಟೆಲ್ ಮಿತ್ರರಿಗೆ ಏಳು. ಡಿಸೆಂಬರ್ 12ರ ಹದಿನಾಲ್ಕನೆಯ ಆಟದಲ್ಲಿ ಡಿಂಗ್ ಮೊದಲ ನಡೆಗೆ ಕುದುರೆ ತೆಗೆದರು, ಅದನ್ನು ಐವರಲ್ಲಿ ಯಾರೂ ಬರೆದಿರಲಿಲ್ಲ. 58 ನಡೆಗಳ ಆ ಆಟ ಗೆದ್ದು ಗುಕೇಶ್ 7.5-6.5ರಿಂದ ಚಾಂಪಿಯನ್ ಆದ ಸಂಜೆ ಯಾರಿಗೂ ಹಾಳೆಯ ನೆನಪಾಗಲಿಲ್ಲ ಬಿಡಿ. 1985ರಲ್ಲಿ 22ನೆಯ ವಯಸ್ಸಿಗೆ ಗೆದ್ದ ಕ್ಯಾಸ್ಪರೋವ್ ಅವರ ದಾಖಲೆಯನ್ನು 18ರ ಹುಡುಗ ಮುರಿದಿದ್ದ.

ಆ ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿ ನೋಡಿದೆ. ಹತ್ತು ಆಟಗಳಲ್ಲಿ ಆರು ಸ್ಪ್ಯಾನಿಷ್, ನಾಲ್ಕು ಕ್ವೀನ್ಸ್ ಗ್ಯಾಂಬಿಟ್ ಬರುತ್ತವೆ, ಯಾವುದು ಯಾವಾಗ ಎಂದು ಗೊತ್ತಿಲ್ಲ ಎಂದಿಟ್ಟುಕೊಳ್ಳಿ. ಹತ್ತಕ್ಕೂ ಸ್ಪ್ಯಾನಿಷ್ ಬರೆದರೆ ಆರು ಖಂಡಿತ. ಜಾಣತನ ತೋರಿಸಲು ಆರು ಕಡೆ ಸ್ಪ್ಯಾನಿಷ್, ನಾಲ್ಕು ಕಡೆ ಕ್ವೀನ್ಸ್ ಗ್ಯಾಂಬಿಟ್ ಎಂದು ಹಂಚಿದರೆ? ಸ್ಪ್ಯಾನಿಷ್ ಬರೆದ ಆರರಲ್ಲಿ ಸರಾಸರಿ 3.6 ಸರಿ, ಉಳಿದ ನಾಲ್ಕರಲ್ಲಿ 1.6 ಸರಿ. ಒಟ್ಟು 5.2. ಹಂಚಿದಷ್ಟೂ ನಷ್ಟ! ಉಳಿತಾಯದ ಹಣವನ್ನು ನಾಲ್ಕು ಕಡೆ ಹಂಚಿ ಇಡಿ ಎಂದು ಗ್ರಾಹಕರಿಗೆ ಹೇಳಿ ಹೇಳಿ ಅದೇ ಬುದ್ಧಿಯನ್ನು ಇಲ್ಲಿಗೂ ತಂದಿದ್ದೆ. ಮೇಲಾಗಿ ಫ್ರೆಂಚ್‌ಗೆ ಮೂರು ಅಂಕ ಇಟ್ಟವನೂ ನಾನೇ. ನಾಲ್ಕು ಸಲಕ್ಕೊಮ್ಮೆ ಬಂದರೂ ಅದು ಲಾಭದ ವ್ಯಾಪಾರವಾಗಿತ್ತು.

ಅಂಕ ಎಣಿಸಿದ ಭಾನುವಾರ ಹೋಟೆಲ್ ಮಿತ್ರರು ಇನ್ನೊಂದು ವಿಷಯ ತೆಗೆದರು. ಮಗಳ ಕೋಚಿಂಗ್ ಕ್ಲಾಸಿನಲ್ಲಿ ಓಪನಿಂಗ್‌ಗಳ ದೊಡ್ಡ ಕಂಪ್ಯೂಟರ್ ಫೈಲ್ ಕೊಳ್ಳಲು ಹೇಳಿದ್ದಾರಂತೆ. ಬೆಲೆ ಕೇಳಿ ಗಾಬರಿಯಾಯಿತು. ಅದನ್ನು ಬಾಯಿಪಾಠ ಮಾಡಿದರೆ ಜಿಲ್ಲಾ ಮಟ್ಟ ಗೆಲ್ಲುವುದು ಖಾತ್ರಿಯೆಂದು ಹೇಳುತ್ತಾರೆ. ಮುಂದಿನ ವರ್ಷ ಹತ್ತನೆಯ ತರಗತಿ ಬೇರೆ. ಫೈಲ್ ಕೊಳ್ಳುವುದೇ, ಇಲ್ಲವೇ ಚೆಸ್ಸನ್ನೇ ನಿಲ್ಲಿಸುವುದೇ ಎಂಬುದು ಅವರ ಚಿಂತೆ. ನಮ್ಮ ಸಂಘದಲ್ಲಿಯೇ ಇಂಥ ಪಾಲಕರು ಇನ್ನೂ ನಾಲ್ಕೈದು ಮಂದಿ ಇದ್ದಾರೆ.

ನಾನು ನನ್ನ 1997ರ ಕಥೆ ಹೇಳಿದೆ. ಶಾಲಾ ಮಕ್ಕಳ ಟೂರ್ನಿಯಲ್ಲಿ ಎದುರಾಳಿ ಯಾರೆಂದು ಸುತ್ತಿಗೆ ಸ್ವಲ್ಪ ಮುಂಚೆ ಗೊತ್ತಾಗುತ್ತದೆ. ಫೈಲಿನ ಇಪ್ಪತ್ತನೆಯ ನಡೆಯ ತನಕ ಆ ಮಗು ನಡೆಯುವುದೇ ಇಲ್ಲ. ನಾಲ್ಕನೆಯ ನಡೆಗೇ ದಾರಿ ತಪ್ಪಿಸುತ್ತದೆ. ಕ್ರಾಮ್ನಿಕ್, ಆನಂದ್ ಅವರಿಗೆ ತಿಂಗಳುಗಟ್ಟಲೆ ತಯಾರಿಗೆ ಸಹಾಯಕರ ತಂಡವೇ ಇತ್ತು, ಎದುರಾಳಿ ಒಬ್ಬನೇ. ಮಗು ಆಡಬೇಕಾದದ್ದು ದಿನಕ್ಕೆ ಹೊಸ ಹೊಸ ಎದುರಾಳಿಗಳ ಜತೆ. ಬಿಳಿಗೆ ಒಂದು, ಕಪ್ಪಿಗೆ ಎರಡು ಓಪನಿಂಗ್ ಅರ್ಥ ಮಾಡಿಕೊಂಡು ಕಲಿತರೆ ಧಾರಾಳ ಸಾಕು, ಉಳಿದ ಹೊತ್ತು ಆಟದ ಕೊನೆಯ ಭಾಗ ಕಲಿಯಲಿ ಎಂಬುದು ನನ್ನ ಅಭಿಪ್ರಾಯ. ಆಟ ನಿಲ್ಲಿಸುವ ಮಾತು ಬೇಡವೆಂದು ಮೇಷ್ಟ್ರೂ ದನಿಗೂಡಿಸಿದರು. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅವರು ರೈಲ್ವೆಯಲ್ಲಿ ಉದ್ಯೋಗದಲ್ಲಿದ್ದುಕೊಂಡೇ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದವರು. ಹತ್ತನೆಯ ತರಗತಿ ಬಂದಿತೆಂದು ಎಲ್ಲ ಮುಗಿದುಹೋಗುವುದಿಲ್ಲವಲ್ಲ. ಹೋಟೆಲ್ ಮಿತ್ರರು ತಲೆಯಾಡಿಸಿದರು, ಫೈಲಿನ ವಿಷಯ ಅಲ್ಲಿಗೇ ನಿಂತಿತು. ಮುಂದೇನು ಮಾಡುತ್ತಾರೋ ನೋಡಬೇಕು.

ಗೋಳಿಬಜೆ ಬರುವ ತನಕ ಒಂದು ಆಟ ಆಡೋಣವೆಂದು ಹುಡುಗಿ ಬೋರ್ಡ್ ಬಿಡಿಸಿದಳು. ಹಿರಿಯನೆಂದು ನನಗೇ ಬಿಳಿ ಕೊಟ್ಟಳು. ಇ4 ನಡೆಸಿದೆ. ಈ ಎರಡು ವಾರಗಳಲ್ಲಿ ಗುಟ್ಟಾಗಿ ಫ್ರೆಂಚ್ ಓದಿಕೊಂಡಿದ್ದೆ, ಇಪ್ಪತ್ತೇಳು ವರ್ಷದ ಬಾಕಿ ತೀರಿಸಿಕೊಳ್ಳಬೇಕಿತ್ತು. ಆಕೆ ನನ್ನ ಮುಖ ನೋಡಿ, ಸಿ ಸಾಲಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ಇಟ್ಟಳು.

ಚಹಾದ ಬಿಲ್ಲನ್ನು ನಾನೇ ಕೊಟ್ಟೆ.